ದಾರಿ ತಪ್ಪಿದ ಮಕ್ಕಳು, ದಾರಿ ತಪ್ಪಬಾರದ ಧರ್ಮಸಂಸ್ಥೆಗಳು

ಹದಿನೈದು ವರ್ಷದ ಮಗ ಶಾಲೆಗೆ ಹೋಗಲು ಒಲ್ಲೆನೆನ್ನುತ್ತಾನೆ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹಣ ಕಾಣೆಯಾಗುತ್ತದೆ. ರಾತ್ರಿ ತಡವಾಗಿ ಬಂದವನ ಬಾಯಿಯ ವಾಸನೆಯನ್ನು ತಾಯಿ ಗುರುತಿಸುತ್ತಾಳೆ, ತಂದೆಗೆ ಹೇಳುವುದಿಲ್ಲ. ಒಂದು ದಿನ ಮಗನ ಕೈ ತಂದೆಯ ಮೇಲೆಯೇ ಏಳುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ದಶಲಕ್ಷಣ ಪರ್ವದಲ್ಲಿ ಬಸದಿಯ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವ ಕುಟುಂಬವು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಆಗ ಹಿತೈಷಿಯೊಬ್ಬರು ಸಲಹೆ ಕೊಡುತ್ತಾರೆ: “ಧರ್ಮದ ವಾತಾವರಣವಿರುವ ಯಾವುದಾದರೂ ಆಶ್ರಮದಲ್ಲಿ ಎರಡು ವರ್ಷ ಬಿಟ್ಟುಬಿಡಿ. ಹುಡುಗ ತಾನಾಗಿಯೇ ನೇರವಾಗುತ್ತಾನೆ.” ಇಂತಹ ತಂದೆತಾಯಿಗಳ ಸಂಖ್ಯೆ ಹೆಚ್ಚಿದಾಗ ದಾನಿಯೊಬ್ಬರು ಊರ ಹೊರಗಿನ ತೋಟದಲ್ಲಿ ಎರಡು ಎಕರೆ ಜಾಗ ಕೊಡಲು ಮುಂದಾಗುತ್ತಾರೆ. ಟ್ರಸ್ಟಿನ ಸಭೆಯಲ್ಲಿ ಠರಾವು ಮಂಡನೆಯಾಗುತ್ತದೆ, ಚಪ್ಪಾಳೆ ಬೀಳುತ್ತದೆ.

ಸಂಕಲ್ಪವೇನೋ ಸಾಧುವಾದುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರುತ್ತಿರುವವನನ್ನು ಹಿಡಿದು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದು ಶ್ರಾವಕನ ಕರ್ತವ್ಯವೆಂದು ಆಚಾರ್ಯರು ವಿಧಿಸಿದ್ದಾರೆ. ಆದರೆ ಸಂಕಲ್ಪದ ಸಾಧುತ್ವವು ಕಾರ್ಯದ ಸಾಧುತ್ವಕ್ಕೆ ಜಾಮೀನಲ್ಲ. ಧರ್ಮದ ಹೆಸರಿನಲ್ಲಿ ಹುಡುಗರನ್ನು ತಿದ್ದಲು ಹೊರಟ ಮನೆಗಳ ಚರಿತ್ರೆ ಜಗತ್ತಿನ ಕಣ್ಣಮುಂದಿದೆ. ಆ ಚರಿತ್ರೆಯನ್ನು ಓದಿದವರು ಚಪ್ಪಾಳೆ ತಟ್ಟುವ ಮೊದಲು ಕೈಯನ್ನು ಒಂದು ಕ್ಷಣ ತಡೆಯಬೇಕಾಗುತ್ತದೆ. ಇಲ್ಲಿ ಪ್ರತಿಪಾದಿಸಬೇಕಾದ ಮಾತು ಒಂದೇ: ಧರ್ಮದ ಹೆಸರಿನಲ್ಲಿ ಮಕ್ಕಳನ್ನು ತಿದ್ದುವ ಮನೆಗೆ ಉಳಿದ ಮನೆಗಳಿಗಿಂತ ಹೆಚ್ಚು ಹೊರಗಣ್ಣುಗಳ ಕಾವಲು ಬೇಕು. ಆ ಕಾವಲನ್ನು ಒಪ್ಪದ ಸಂಸ್ಥೆಗೆ ಒಂದು ರೂಪಾಯಿಯ ದಾನವೂ ಸಲ್ಲದು, ಒಬ್ಬ ಹುಡುಗನನ್ನೂ ಒಪ್ಪಿಸಕೂಡದು.

ಪ್ರಮಾಣವನ್ನು ಹೊರಗಿನಿಂದ ತರುವ ಮೊದಲು ಆಗಮದಿಂದಲೇ ಆರಂಭಿಸುವುದು ಯುಕ್ತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಟ್ಟಿಹಾಕುವುದು ಬಂಧ. ಕೋಲು, ಚಾವಟಿಗಳಿಂದ ಹೊಡೆಯುವುದು ವಧ. ಅಂಗಗಳನ್ನು ಕತ್ತರಿಸುವುದು ಛೇದ. ಶಕ್ತಿಗೆ ಮೀರಿದ ಹೊರೆ ಹೊರಿಸುವುದು ಅತಿಭಾರಾರೋಪಣ. ಅನ್ನನೀರು ತಡೆಯುವುದು ಅನ್ನಪಾನನಿರೋಧ. ಈ ಐದೂ ಯಾರ ಮೇಲೆ ನಡೆಯಬಲ್ಲವು ಎಂಬುದನ್ನು ಗಮನಿಸಬೇಕು. ಶತ್ರುವಿನ ಮೇಲಲ್ಲ, ಮನೆಯ ಹಂಗಿನಲ್ಲಿರುವ ಜೀವಿಯ ಮೇಲೆ. ಅನ್ನಕ್ಕೂ ನೆರಳಿಗೂ ಒಡೆಯನನ್ನೇ ನಂಬಿ ಓಡಿಹೋಗಲಾರದೆ ನಿಂತಿರುವ ಎತ್ತಿನ ಮೇಲೆ, ಆಳಿನ ಮೇಲೆ, ಮಗುವಿನ ಮೇಲೆ. ವ್ರತಧಾರಿಯಾದ ಗೃಹಸ್ಥನೇ ತನ್ನ ಅಧೀನದವರ ವಿಷಯದಲ್ಲಿ ಜಾರುತ್ತಾನೆಂಬುದು ಆಚಾರ್ಯರಿಗೆ ತಿಳಿದಿತ್ತು. ಆದುದರಿಂದಲೇ ಇವುಗಳನ್ನು ಕಟುಕನ ದೋಷಗಳೆಂದು ಹೇಳದೆ ಶ್ರಾವಕನ ವ್ರತಕ್ಕೆ ತಗಲುವ ದೋಷಗಳೆಂದು ಹೇಳಿದರು. ಸಾವಿರಾರು ಮೈಲಿ ದೂರದಲ್ಲಿ, ಬೇರೊಂದು ಧರ್ಮದ ಹೆಸರಿನಲ್ಲಿ ನಡೆದ ಮನೆಗಳ ಮೇಲಿನ ದೋಷಾರೋಪಗಳನ್ನು ಈ ಪಟ್ಟಿಯೊಡನೆ ಹೋಲಿಸಿದರೆ ಎದೆ ನಡುಗುತ್ತದೆ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಲೆಸ್ಟರ್ ರೋಲಾಫ್ ಎಂಬ ಬ್ಯಾಪ್ಟಿಸ್ಟ್ ಪ್ರಚಾರಕನಿದ್ದನು. ರೇಡಿಯೋ ಪ್ರವಚನಗಳಿಂದ ಪ್ರಸಿದ್ಧನಾದವನು. ಕುಡಿತಕ್ಕೆ ಬಿದ್ದವರಿಗೆ, ದಾರಿ ತಪ್ಪಿದ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಮನೆಗಳನ್ನು ಕಟ್ಟಿದನು. ತಂದೆತಾಯಿಗಳು ದೂರದೂರದಿಂದ ಮಕ್ಕಳನ್ನು ತಂದು ಒಪ್ಪಿಸಿದರು. 1973ರಲ್ಲಿ ಅವನ ರೆಬೆಕ್ಕಾ ಮನೆಯ ಹದಿನಾರು ಹುಡುಗಿಯರ ಪ್ರಮಾಣಪತ್ರಗಳು ನ್ಯಾಯಾಲಯದ ಮುಂದೆ ಬಂದವು. ಚರ್ಮದ ಪಟ್ಟಿಯಿಂದ ಹೊಡೆದರೆಂದೂ, ಕೈಕೋಳ ತೊಡಿಸಿ ಕೊಳವೆಗೆ ಕಟ್ಟಿದರೆಂದೂ, ಒಂಟಿಕೋಣೆಯಲ್ಲಿ ಕೂಡಿಹಾಕಿದರೆಂದೂ ಅವುಗಳಲ್ಲಿ ಹೇಳಿತ್ತು. ರೋಲಾಫ್ ಶಿಕ್ಷೆ ಕೊಟ್ಟುದನ್ನು ಮುಚ್ಚಿಡಲಿಲ್ಲ. ಧರ್ಮಗ್ರಂಥದ ಆಧಾರದಿಂದ ಸಮರ್ಥಿಸಿಕೊಂಡನು. ಮಕ್ಕಳನ್ನಿರಿಸಿಕೊಳ್ಳುವ ಸಂಸ್ಥೆಗಳೆಲ್ಲ ಪರವಾನಗಿ ಪಡೆಯಬೇಕೆಂದು 1975ರಲ್ಲಿ ಟೆಕ್ಸಾಸಿನಲ್ಲಿ ಕಾನೂನು ಬಂದಾಗ, ದೇವರ ಕೆಲಸಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲವೆಂದು ಹಟ ಹಿಡಿದನು. ದಂಡ ತೆರಲು ಸಿದ್ಧನಾದನು, ಸೆರೆಮನೆಗೂ ಹೋದನು, ಪರವಾನಗಿಯನ್ನು ಮಾತ್ರ ಪಡೆಯಲಿಲ್ಲ. ಅವನ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ನಿರಾಕರಿಸಿತು. 1979ರಲ್ಲಿ ಅಧಿಕಾರಿಗಳು ಬಂದಾಗ ಭಕ್ತರು ಕೈಕೈ ಹಿಡಿದು ಸಂಸ್ಥೆಯ ಸುತ್ತ ಸರಪಳಿಯಾಗಿ ನಿಂತರು. ಒಳಗಿನ ಮಕ್ಕಳು ಏನು ಹೇಳುತ್ತಾರೆಂದು ಕೇಳುವುದಕ್ಕಾಗಿ ಆ ಭಕ್ತರಲ್ಲಿ ಎಷ್ಟು ಮಂದಿ ಹಿಂದಿರುಗಿ ನೋಡಿದ್ದರು?

ರೋಲಾಫ್ 1982ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡನು. ಕಥೆ ಅಲ್ಲಿಗೆ ಮುಗಿಯಲಿಲ್ಲ. 1980ರ ದಶಕದಲ್ಲಿ ಮುಚ್ಚಿದ್ದ ಬಾಗಿಲುಗಳು 1997ರ ತರುವಾಯ ಮತ್ತೆ ತೆರೆದವು. ಧರ್ಮಸಂಸ್ಥೆಗಳನ್ನು ಸರ್ಕಾರದ ಬದಲು ಧಾರ್ಮಿಕರದೇ ಒಂದು ಮಂಡಳಿಯು ಪರೀಕ್ಷಿಸಿದರೆ ಸಾಕೆಂದು ಆ ವರ್ಷ ಟೆಕ್ಸಾಸಿನ ಶಾಸಕರು ವಿನಾಯಿತಿ ಕೊಟ್ಟಿದ್ದರು. ತಮ್ಮವರೇ ತಮ್ಮವರ ಲೆಕ್ಕ ತಪಾಸಣೆ ಮಾಡುವ ಈ ವ್ಯವಸ್ಥೆಯ ಫಲ ಏನಾಗುವುದೆಂಬುದನ್ನು ಯಾವ ವರ್ತಕನಾದರೂ ಊಹಿಸಬಲ್ಲನು. ಮೂರೇ ವರ್ಷಗಳಲ್ಲಿ, 2000ದಲ್ಲಿ, ಅಲ್ಲಿನ ಹುಡುಗರ ಮನೆಯ ಮೇಲ್ವಿಚಾರಕನೊಬ್ಬನು ಹುಡುಗರನ್ನು ಹಿಂಸಿಸಿದ ಆರೋಪದ ಮೇಲೆ ಬಂಧನಕ್ಕೆ ಒಳಗಾದನು. 2001ರಲ್ಲಿ ಶಾಸಕರು ಆ ವಿನಾಯಿತಿಯನ್ನು ಮುಂದುವರಿಸದೆ ಬಿಟ್ಟರು.

ಮಿಸೌರಿ ಎಂಬ ಇನ್ನೊಂದು ಪ್ರಾಂತ ಇದಕ್ಕಿಂತ ದೊಡ್ಡ ಪಾಠವನ್ನು ಕಲಿತಿತು. ಧಾರ್ಮಿಕ ವಸತಿಗೃಹಗಳಿಗೆ ಪರವಾನಗಿಯೇ ಬೇಡವೆಂದು 1982ರಲ್ಲಿ ಅಲ್ಲಿ ಕಾನೂನಾಯಿತು. ಸುಮಾರು ನಲವತ್ತು ವರ್ಷ ಆ ಕಾನೂನು ಬಾಳಿತು. ಎಲ್ಲಿ ಎಷ್ಟು ಮನೆಗಳಿವೆ, ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂಬ ಪಟ್ಟಿ ಕೂಡ ಸರ್ಕಾರದಲ್ಲಿರಲಿಲ್ಲ. ಬೇರೆಡೆ ಪರೀಕ್ಷೆಗೆ ಹೆದರಿದವರಿಗೆ ಅದು ತವರಾಯಿತು. ಆ ಪ್ರಾಂತದ ಸ್ಟಾಕ್‌ಟನ್ ಊರಿನ ಬಳಿ ಹುಡುಗರಿಗಾಗಿ ನಡೆಯುತ್ತಿದ್ದ ಶಾಲೆಯ ಹೆಸರು ಅಗಾಪೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ನಿಃಸ್ವಾರ್ಥ ಪ್ರೇಮವೆಂದು ಅರ್ಥ. ಅಲ್ಲಿಂದ ಹೊರಬಂದ ಹುಡುಗರು ಬೆಳೆದು ದೊಡ್ಡವರಾಗಿ ಮಾಡಿದ ಆರೋಪಗಳೇನು? ಗಾಯವಾಗುವಂತೆ ನೆಲಕ್ಕೆ ಕೆಡವಿ ಅದುಮಿಹಿಡಿದರು. ದಿನವಿಡೀ ಕೂಲಿಯಂತೆ ದುಡಿಸಿದರು. ಶಕ್ತಿ ಮೀರಿದ ವ್ಯಾಯಾಮ ಮಾಡಿಸಿದರು. ಶಿಕ್ಷೆಯೆಂದು ಅನ್ನನೀರು ತಡೆದರು. ಬಂಧ, ಅತಿಭಾರಾರೋಪಣ, ಅನ್ನಪಾನನಿರೋಧ! ಶಾಲೆಯವರು ಆರೋಪಗಳನ್ನು ಅಲ್ಲಗಳೆದರು. 2021ರಲ್ಲಿ ಪ್ರಾಂತದ ಅಟಾರ್ನಿ ಜನರಲ್ 22 ಮಂದಿ ಸಿಬ್ಬಂದಿಯ ಮೇಲೆ ಮೊಕದ್ದಮೆ ಹೂಡಬಹುದೆಂದು ಅಭಿಪ್ರಾಯಪಟ್ಟರು; ಸ್ಥಳೀಯ ಸರ್ಕಾರಿ ವಕೀಲರು ಐವರ ಮೇಲೆ ಮಾತ್ರ ಹೂಡಿದರು. ಶಾಲೆಯನ್ನು ಮುಚ್ಚಿಸಬೇಕೆಂಬ ಅರ್ಜಿ 2022ರಲ್ಲಿ ನ್ಯಾಯಾಲಯಕ್ಕೆ ಬಂದಿತು. 2023ರ ಜನವರಿಯಲ್ಲಿ, ನಡೆಸಲು ಹಣವಿಲ್ಲವೆಂಬ ಕಾರಣ ಕೊಟ್ಟು ಶಾಲೆ ತಾನೇ ಬಾಗಿಲು ಹಾಕಿತು.

ಇಷ್ಟೆಲ್ಲದರ ನಡುವೆ, 2021ರಲ್ಲಿ, ಮಿಸೌರಿ ತನ್ನ ಕಾನೂನನ್ನು ತಿದ್ದಿತು. ಹೊಸ ಕಾನೂನು ಕೇಳಿದ್ದೇನು? ಮನೆ ಇದೆಯೆಂದು ಸರ್ಕಾರಕ್ಕೆ ತಿಳಿಸಬೇಕು, ಸಿಬ್ಬಂದಿಯ ಪೂರ್ವಾಪರ ವಿಚಾರಿಸಬೇಕು, ಬೆಂಕಿ ಮತ್ತು ಆರೋಗ್ಯದ ತಪಾಸಣೆ ನಡೆಯಬೇಕು, ತಂದೆತಾಯಿಗಳು ಅಡ್ಡಿಯಿಲ್ಲದೆ ಮಗುವನ್ನು ಕಾಣುವಂತಿರಬೇಕು. ಪ್ರಾರ್ಥನೆ ಹೇಗೆ ಮಾಡಬೇಕೆಂದು ಅದು ಹೇಳಲಿಲ್ಲ. ಯಾವ ಗ್ರಂಥ ಓದಬೇಕೆಂದೂ ಹೇಳಲಿಲ್ಲ. ನಲವತ್ತು ವರ್ಷ ಧರ್ಮಸ್ವಾತಂತ್ರ್ಯದ ಹೆಸರಿನಲ್ಲಿ ತಡೆದು ನಿಲ್ಲಿಸಿದ್ದು ಇಷ್ಟನ್ನೇ. ಬಳಿಕ 2024ರ ಡಿಸೆಂಬರ್ ತಿಂಗಳಲ್ಲಿ, ಇಂತಹ ವಸತಿಸಂಸ್ಥೆಗಳಲ್ಲಿ ನಡೆಯುವ ಹಿಂಸೆಯ ಕುರಿತು ರಾಷ್ಟ್ರಮಟ್ಟದ ಅಧ್ಯಯನ ನಡೆಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರವೇ ಕಾನೂನು ಮಾಡಬೇಕಾಯಿತು.

“ಅವರು ಅನ್ಯಮತೀಯರು, ಮಾಂಸಾಹಾರಿಗಳು. ಅಹಿಂಸೆಯೇ ಪರಮಧರ್ಮವೆಂದು ನಂಬಿದವರಲ್ಲಿ ಇಂಥದು ನಡೆಯಲಾರದು” ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅಹಂಕಾರವಿದೆ, ಆಧಾರವಿಲ್ಲ. ಕರುಣೆಯನ್ನು ಬೋಧಿಸದ ಧರ್ಮ ಅವರದೂ ಅಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಹಿಂಸೆಗೆ ಮೂಲ ಪ್ರಮತ್ತಯೋಗ, ಎಂದರೆ ಕಷಾಯವಶವಾದ ಮನಸ್ಸು, ಮಾತು, ದೇಹಗಳ ವ್ಯಾಪಾರ. ದಿನಕ್ಕೆ ಹದಿನಾಲ್ಕು ಗಂಟೆ ಮೂವತ್ತು ಹಟಮಾರಿ ಹುಡುಗರನ್ನು ಒಬ್ಬನೇ ನೋಡಿಕೊಳ್ಳುವ, ಅಲ್ಪ ಸಂಬಳದ, ತರಬೇತಿಯಿಲ್ಲದ ವಾರ್ಡನ್ ಬೆಳಿಗ್ಗೆ ಅಭಿಷೇಕ ಮಾಡಿದ ಮಾತ್ರಕ್ಕೆ ಸಂಜೆ ಅವನ ಕ್ರೋಧಕಷಾಯ ಉಪಶಮವಾಗಿರುತ್ತದೆಯೇ? ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟ ಕೈ ಬೆತ್ತವನ್ನೂ ಬಿಟ್ಟಿದೆಯೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಹನವಾದುದು. ಉಪವಾಸ, ಮೌನ, ನೆಲದ ಮೇಲೆ ಮಲಗುವುದು ಮೊದಲಾದವು ಜೈನಧರ್ಮದಲ್ಲಿ ತಪಸ್ಸೇ ಆಗಿರುವಾಗ, ಹುಡುಗರಿಂದ ಅವುಗಳನ್ನು ಮಾಡಿಸುವುದು ಹಿಂಸೆ ಹೇಗಾಯಿತೆಂದು ಕೇಳುತ್ತಾರೆ. ಉತ್ತರವು ಕರ್ಮಸಿದ್ಧಾಂತದಲ್ಲಿಯೇ ಇದೆ. ಸ್ವೇಚ್ಛೆಯಿಂದ, ವಿವೇಕಪೂರ್ವಕವಾಗಿ ಕೈಗೊಂಡುದು ತಪಸ್ಸು. ಪರವಶನಾಗಿ ಸಹಿಸಿದ ಹಸಿವು ಬಾಯಾರಿಕೆಗಳಿಂದ ಆಗುವುದನ್ನು ಆಚಾರ್ಯರು ಅಕಾಮನಿರ್ಜರೆಯೆಂದು ಬೇರೆಯಾಗಿಯೇ ಹೆಸರಿಸಿದ್ದಾರೆ. ಸೆರೆಯಲ್ಲಿರುವವನ ಹಸಿವು ಅದಕ್ಕೆ ಉದಾಹರಣೆ. ಅದು ಮೋಕ್ಷಮಾರ್ಗದ ತಪಸ್ಸಲ್ಲ. ಸಹಿಸಿದವನಿಗೇ ಇಷ್ಟು ಅಲ್ಪಫಲವಾದರೆ, ಸಹಿಸುವಂತೆ ಮಾಡಿದವನ ಖಾತೆಗೆ ಜಮೆಯಾಗುವುದೇನು? ಅನ್ನಪಾನನಿರೋಧದ ಅತಿಚಾರವಲ್ಲದೆ ಇನ್ನೇನೂ ಅಲ್ಲ. ಪ್ರತಿಕ್ರಮಣದ ಮಾತೂ ಹೀಗೆಯೇ. ತನ್ನ ತಪ್ಪನ್ನು ತಾನೇ ಕಂಡು ಗುರುವಿನ ಮುಂದೆ ಹೇಳಿಕೊಳ್ಳುವುದು ಆಲೋಚನೆ. ಐವತ್ತು ಜನರ ಮುಂದೆ ನಿಲ್ಲಿಸಿ, ಒಪ್ಪಿಕೊಳ್ಳುವವರೆಗೆ ಕೂರಲು ಬಿಡದೆ ಹೇಳಿಸುವುದು ಪೊಲೀಸ್ ಠಾಣೆಯ ಕೆಲಸ; ಅಲ್ಲಿಯೂ ಅದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ.

ಸ್ಥಿತಿಕರಣಕ್ಕೆ ದೃಷ್ಟಾಂತವಾಗಿ ಶಾಸ್ತ್ರಗಳು ಹೆಸರಿಸುವ ವಾರಿಷೇಣನ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣಮುನಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮಿತ್ರ ಪುಷ್ಪಡಾಲನು ದೀಕ್ಷೆ ಪಡೆದನು. ಹನ್ನೆರಡು ವರ್ಷ ಕಳೆದರೂ ಬಿಟ್ಟುಬಂದ ಹೆಂಡತಿಯ ನೆನಪು ಅವನನ್ನು ಬಿಡಲಿಲ್ಲ. ವಾರಿಷೇಣನು ಏನು ಮಾಡಿದನು? ಮಿತ್ರನನ್ನು ಕೋಣೆಯಲ್ಲಿ ಕೂಡಲಿಲ್ಲ, ಆಹಾರ ತಪ್ಪಿಸಲಿಲ್ಲ, ಸಂಘದ ಮುಂದೆ ಹಂಗಿಸಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ರಾಣಿಯರನ್ನೂ ಐಶ್ವರ್ಯವನ್ನೂ ತೋರಿಸಿ, ಬೇಕಾದರೆ ಇವೆಲ್ಲ ನಿನ್ನವೆಂದನು. ಬಾಗಿಲು ಪೂರ್ಣ ತೆರೆದಿತ್ತು. ಹೋಗಬಹುದಾಗಿದ್ದವನು ತಾನಾಗಿ ನಿಂತನು, ಅದು ಸ್ಥಿತಿಕರಣ. ಬೀಗದ ಬಲದಿಂದ ನಿಂತವನು ಬೀಗ ತೆಗೆದ ದಿನ ಬೀಳುತ್ತಾನೆ.

ಮೂರನೆಯ ಆಕ್ಷೇಪವು ಟ್ರಸ್ಟಿನ ಸಭೆಗಳಲ್ಲಿ ಪಿಸುಮಾತಿನಲ್ಲಿ ಬರುವಂಥದು: ಏನಾದರೂ ಆದಾಗ ಹೊರಗೆ ಹೇಳಿದರೆ ಧರ್ಮಕ್ಕೆ ಅಪಕೀರ್ತಿ, ಮುಚ್ಚಿಡುವುದೇ ಉಪಗೂಹನ. ಈ ಮಾತಿಗಿಂತ ದೊಡ್ಡ ಆಗಮಾಪಚಾರ ಇನ್ನೊಂದಿಲ್ಲ. ಉಪಗೂಹನಕ್ಕೆ ದೃಷ್ಟಾಂತನಾದವನು ಜಿನೇಂದ್ರಭಕ್ತನೆಂಬ ಶ್ರೇಷ್ಠಿ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬನು ಪಾರ್ಶ್ವನಾಥ ಬಿಂಬದ ಛತ್ರದಲ್ಲಿದ್ದ ವೈಡೂರ್ಯವನ್ನು ಕದ್ದು ಓಡಿದಾಗ, ವೇಷಕ್ಕೆ ಕಳಂಕ ಬಾರದಿರಲೆಂದು ಶ್ರೇಷ್ಠಿಯು ತಾನೇ ತರಹೇಳಿದ್ದೆನೆಂದು ಜನರನ್ನು ಸಮಾಧಾನಪಡಿಸಿದನು. ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಕಳುವಾದದ್ದು ಶ್ರೇಷ್ಠಿಯ ಸ್ವಂತ ಮನೆಯ ರತ್ನ. ಅದನ್ನು ಕ್ಷಮಿಸುವ ಅಧಿಕಾರ ಅವನಿಗಿತ್ತು. ಎರಡನೆಯದಾಗಿ, ಆ ಕಳ್ಳನನ್ನು ಗದರಿಸಿ ಅವನು ಅಲ್ಲಿಂದ ಸಾಗಹಾಕಿದನೇ ಹೊರತು ಮರುದಿನ ಅದೇ ಚೈತ್ಯಾಲಯದ ಬೀಗದ ಕೈಯನ್ನು ಮತ್ತೆ ಕೊಡಲಿಲ್ಲ. ಒಬ್ಬ ಹುಡುಗನ ಮೈಮೇಲಿನ ಬಾಸುಂಡೆ ಟ್ರಸ್ಟಿನ ಆಸ್ತಿಯಲ್ಲ. ಅದನ್ನು ಕ್ಷಮಿಸಲು ಅಧ್ಯಕ್ಷರಿಗೂ ಅಧಿಕಾರವಿಲ್ಲ, ಕಾರ್ಯದರ್ಶಿಗೂ ಇಲ್ಲ. ದುರ್ಬಲನ ಸ್ಖಲನವನ್ನು ಮುಚ್ಚುವುದು ಉಪಗೂಹನ. ಬಲಿಷ್ಠನ ಅಪರಾಧವನ್ನು ಮುಚ್ಚುವುದು ಅದರಲ್ಲಿ ಪಾಲುಗಾರನಾಗುವುದು.

ಮುಚ್ಚಿಟ್ಟುದರ ಬೆಲೆಯನ್ನು ಐರ್ಲೆಂಡ್ ದೇಶ ತೆತ್ತಿತು. ಅಲ್ಲಿ ಕ್ರೈಸ್ತ ಸಂಘಗಳು ‘ಇಂಡಸ್ಟ್ರಿಯಲ್ ಸ್ಕೂಲ್’ಗಳೆಂಬ ವಸತಿಶಾಲೆಗಳನ್ನು ನಡೆಸುತ್ತಿದ್ದವು. ಸರ್ಕಾರವು ತಲೆಯೊಂದಕ್ಕೆ ಇಷ್ಟೆಂದು ಹಣ ಕೊಡುತ್ತಿತ್ತು. ಆದುದರಿಂದ ಹಾಸಿಗೆ ಬರಿದಾಗದಂತೆ ನೋಡಿಕೊಳ್ಳುವುದೇ ಲಾಭದ ಮಾರ್ಗವಾಯಿತು. 1946ರಲ್ಲಿ ಐರಿಷ್ ಮೂಲದವರೇ ಆದ ಫಾದರ್ ಎಡ್ವರ್ಡ್ ಫ್ಲಾನಗನ್ ಎಂಬ ಪಾದ್ರಿ ಅಮೆರಿಕದಿಂದ ಬಂದು ಈ ಸಂಸ್ಥೆಗಳು ದೇಶಕ್ಕೇ ಕಳಂಕವೆಂದು ಬಹಿರಂಗವಾಗಿ ಖಂಡಿಸಿದರು. ಮಂತ್ರಿಗಳು ಅವರ ಮಾತನ್ನು ತಳ್ಳಿಹಾಕಿದರು. ಫ್ಲಾನಗನ್ 1948ರಲ್ಲಿ ನಿಧನರಾದರು. 2009ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ರಯಾನ್ ಅವರ ಆಯೋಗವು ವರದಿ ಕೊಟ್ಟಿತು. ಸಾವಿರಕ್ಕೂ ಮಿಕ್ಕ ಮಂದಿ ತಮ್ಮ ಬಾಲ್ಯದ ಯಾತನೆಯನ್ನು ಅದರ ಮುಂದೆ ಹೇಳಿಕೊಂಡಿದ್ದರು. ಪರೀಕ್ಷಿಸಬೇಕಾಗಿದ್ದ ಇಲಾಖೆಯೇ ಧರ್ಮಸಂಘಗಳ ಮುಂದೆ ತಲೆಬಾಗಿ ನಿಂತಿತ್ತೆಂದು ವರದಿ ಹೇಳಿತು. ಒಬ್ಬ ಪಾದ್ರಿಯ ಮಾತನ್ನು ಅಂದೇ ಕೇಳಿದ್ದರೆ ಆ ಧರ್ಮಕ್ಕೆ ಆಗುತ್ತಿದ್ದ ಅಪಕೀರ್ತಿ ಎಷ್ಟು, ಅರವತ್ತಮೂರು ವರ್ಷ ಮುಚ್ಚಿಟ್ಟುದರಿಂದ ಆದುದೆಷ್ಟು? ಈ ಲೆಕ್ಕ ಮಾಡಲು ವಾಣಿಜ್ಯಶಾಸ್ತ್ರದ ಪದವಿ ಬೇಕಿಲ್ಲ.

ಇದೇ ಫ್ಲಾನಗನ್ 1917ರ ಡಿಸೆಂಬರ್ ತಿಂಗಳಲ್ಲಿ ತೊಂಬತ್ತು ಡಾಲರ್ ಸಾಲ ಮಾಡಿ, ಅಮೆರಿಕದ ನೆಬ್ರಾಸ್ಕಾ ಪ್ರಾಂತದ ಒಮಾಹಾ ನಗರದಲ್ಲಿ ಹುಡುಗರ ಮನೆಯೊಂದನ್ನು ಆರಂಭಿಸಿದ್ದರು. 1921ರಲ್ಲಿ ಅದು ಊರ ಹೊರಗಿನ ಹೊಲವೊಂದಕ್ಕೆ ಬಂದು ಬಾಯ್ಸ್ ಟೌನ್ ಎಂದು ಹೆಸರಾಯಿತು. ಎಲ್ಲ ಮತದ, ಎಲ್ಲ ವರ್ಣದ ಹುಡುಗರಿಗೆ ಅಲ್ಲಿ ಜಾಗವಿತ್ತು. 1926ರಿಂದ ಹುಡುಗರೇ ತಮ್ಮ ಮೇಯರನ್ನು ಚುನಾಯಿಸಿಕೊಂಡರು. ಧರ್ಮಶ್ರದ್ಧೆಯಿಂದ ಇಂಥ ಕೆಲಸ ಸಾಧ್ಯವೇ ಇಲ್ಲವೆನ್ನುವವರಿಗೆ ಈ ಊರೇ ಉತ್ತರ. ಆದರೆ ಸಂಸ್ಥಾಪಕರ ಸದ್ಗುಣವು ಸಂಸ್ಥೆಗೆ ಶಾಶ್ವತ ರಕ್ಷಾಕವಚವಾಗಲಿಲ್ಲವೆಂಬುದನ್ನೂ ಗಮನಿಸಬೇಕು. 1972ರಲ್ಲಿ ಒಮಾಹಾದ ‘ಸನ್’ ಪತ್ರಿಕೆಯು ಬಾಯ್ಸ್ ಟೌನಿನ ಬಂಡವಾಳವನ್ನು ಲೆಕ್ಕ ಹಾಕಿತು. ಪತ್ರಿಕೆಯ ಒಡೆಯರು ಇಂದು ಜಗತ್ಪ್ರಸಿದ್ಧರಾದ ಹೂಡಿಕೆದಾರ ವಾರೆನ್ ಬಫೆಟ್. ಏಳುನೂರಕ್ಕಿಂತ ಕಡಿಮೆ ಹುಡುಗರಿದ್ದ ಸಂಸ್ಥೆಯ ಬಳಿ ಇಪ್ಪತ್ತು ಕೋಟಿ ಡಾಲರಿಗೂ ಮಿಕ್ಕ ಸಂಪತ್ತಿತ್ತು. ಆದರೂ ಬಡತನದ ಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ ದಾನ ಬೇಡುವುದು ನಡೆದೇ ಇತ್ತು. ಈ ಗುಟ್ಟು ಸಿಕ್ಕಿದ್ದು ತೆರಿಗೆ ಇಲಾಖೆಗೆ ಸಲ್ಲಿಸಿದ ವಾರ್ಷಿಕ ವಿವರಪತ್ರದಲ್ಲಿ. ಸಾರ್ವಜನಿಕರು ಅದನ್ನು ನೋಡಬಹುದೆಂಬ ನಿಯಮವಿದ್ದುದರಿಂದ. ವರದಿಗೆ 1973ರ ಪುಲಿಟ್ಜರ್ ಪಾರಿತೋಷಕ ಬಂದಿತು. ಬಾಯ್ಸ್ ಟೌನ್ ಹಾಳಾಯಿತೇ? ಇಲ್ಲ. ಆ ದಶಕದಲ್ಲಿಯೇ ದೊಡ್ಡ ಶಯನಶಾಲೆಗಳ ಪದ್ಧತಿಯನ್ನು ಬಿಟ್ಟು, ತರಬೇತಿ ಪಡೆದ ದಂಪತಿಗಳು ಕೆಲವೇ ಮಕ್ಕಳೊಡನೆ ಒಂದು ಸಂಸಾರದಂತೆ ಬಾಳುವ ಮನೆಗಳನ್ನು ಕಟ್ಟಿತು. ಹೊರಗಣ್ಣು ಒಳ್ಳೆಯ ಸಂಸ್ಥೆಯನ್ನು ಕೊಲ್ಲುವುದಿಲ್ಲ. ಅದು ಸಂಸ್ಥೆಗೂ ಸ್ಥಿತಿಕರಣ.

ಭಾರತದಲ್ಲಿ ಕಾನೂನು ಸ್ಪಷ್ಟವಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯು ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕೆಂದು ಹೇಳುತ್ತದೆ. ಪಾಲನೆ ರಕ್ಷಣೆಗಳ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ, ಸರ್ಕಾರದ ನೆರವು ಪಡೆಯಲಿ ಬಿಡಲಿ, 41ನೆಯ ಪ್ರಕರಣದಂತೆ ನೋಂದಣಿ ಮಾಡಿಸಲೇಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಸಂಸ್ಥೆಯ ನೌಕರನೋ ಆಡಳಿತಗಾರನೋ ತನಗೆ ಒಪ್ಪಿಸಿದ ಮಗುವಿನ ಮೇಲೆ ಕ್ರೌರ್ಯವೆಸಗಿದರೆ 75ನೆಯ ಪ್ರಕರಣದಂತೆ ಐದು ವರ್ಷಗಳವರೆಗೆ ಕಠಿಣ ಸಜೆಯುಂಟು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೋ ಕಾಯ್ದೆಯಡಿ ತಾನೇ ಒಂದು ಅಪರಾಧ. “ಇದು ಬರಿಯ ವಿದ್ಯಾರ್ಥಿನಿಲಯ” ಎಂದು ಬೋರ್ಡು ಬರೆಸಿ ನುಣುಚಿಕೊಳ್ಳುವ ಉಪಾಯವನ್ನು ಕೆಲವರು ಸೂಚಿಸಬಹುದು. ಓದಲು ಬಂದ ಮಕ್ಕಳಿಗೆ ಅನ್ನ, ವಸತಿ ಕೊಟ್ಟ ಜೈನ ಬೋರ್ಡಿಂಗುಗಳೂ ಕುಂಭೋಜ ಬಾಹುಬಲಿಯಂತಹ ಗುರುಕುಲಗಳೂ ಸಮಾಜಕ್ಕೆ ಮಾಡಿದ ಉಪಕಾರ ಅಪಾರ. ಓದಲು ಬಂದವನು ರಜೆಗೆ ಮನೆಗೆ ಹೋಗುತ್ತಾನೆ, ಬೇಸರವಾದರೆ ಬಿಟ್ಟುಬರುತ್ತಾನೆ. ಇಚ್ಛೆಗೆ ವಿರುದ್ಧವಾಗಿ, ತಿದ್ದುವುದಕ್ಕೆಂದೇ ಇರಿಸಿಕೊಂಡವನ ಸ್ಥಿತಿ ಬೇರೆ. ಆ ಉಪಕಾರದ ಹೆಸರನ್ನು ಈ ಕೆಲಸಕ್ಕೆ ಮುಸುಕಾಗಿ ಬಳಸುವುದು ಹಿರಿಯರು ಗಳಿಸಿಟ್ಟ ಸಾಖನ್ನು ಅಡವಿಟ್ಟು ಸಾಲ ಎತ್ತಿದಂತೆ.

ಕೊನೆಯ ಆಕ್ಷೇಪ: ಈ ಹುಡುಗರು ಸುಳ್ಳು ಹೇಳುತ್ತಾರೆ, ಅವರ ದೂರಿಗೆ ಕಿವಿಗೊಟ್ಟರೆ ಸಂಸ್ಥೆ ನಡೆಸುವುದು ಹೇಗೆ? ನಿಜ, ಅವರಲ್ಲಿ ಹಲವರು ಮನೆಯಲ್ಲಿ ಸುಳ್ಳು ಹೇಳಿಯೇ ಬಂದವರು. ಆದರೆ ಗಿರಾಕಿ ಸುಳ್ಳುಗಾರನಾದ ಮಾತ್ರಕ್ಕೆ ಅಂಗಡಿಯ ತಕ್ಕಡಿ ಸರಿಯಾಗಿದೆಯೆಂದು ಸಿದ್ಧವಾಗುವುದಿಲ್ಲ. ತೂಕದ ಕಲ್ಲನ್ನು ಪರೀಕ್ಷಿಸಲು ಬರುವ ಅಧಿಕಾರಿ ಗಿರಾಕಿಯ ಚಾರಿತ್ರ್ಯವನ್ನು ಕೇಳುವುದಿಲ್ಲ, ಕಲ್ಲನ್ನೇ ತೂಗಿ ನೋಡುತ್ತಾನೆ. ಹೀನಾಧಿಕ ತೂಕವನ್ನು ಅಚೌರ್ಯವ್ರತದ ಅತಿಚಾರವೆಂದು ಒಪ್ಪುವ ವರ್ತಕಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಯಾರ ಮಾತನ್ನು ಯಾರೂ ನಂಬುವುದಿಲ್ಲವೋ ಅವನನ್ನು ಹೊಡೆಯುವುದೇ ಅತ್ಯಂತ ಸುಲಭ. ಆದುದರಿಂದ ಅವನಿಗೇ ಹೆಚ್ಚು ರಕ್ಷಣೆ ಬೇಕು.

ಹಾಗಾದರೆ ಟ್ರಸ್ಟುಗಳು ಏನು ಮಾಡಬೇಕು? ಮೊದಲು, ಮನೆಯೇ ಬೇಕೇ ಎಂದು ಕೇಳಿಕೊಳ್ಳಬೇಕು. ಹುಡುಗನ ಹಟದ ಹಿಂದೆ ವ್ಯಸನವಿರಬಹುದು, ಖಿನ್ನತೆಯಿರಬಹುದು, ಕಲಿಕೆಯ ತೊಂದರೆಯಿರಬಹುದು. ಮನೆಯಲ್ಲಿಯೇ ಯಾರೋ ಕೊಟ್ಟ ಪೆಟ್ಟಿರಬಹುದು. ಇವು ವೈದ್ಯರು ನೋಡಬೇಕಾದ ಸಂಗತಿಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆಂದೇ ವಿಭಾಗವಿದೆ. ಎರಡು ಎಕರೆಯಲ್ಲಿ ಕಟ್ಟಡ ಕಟ್ಟುವ ಹಣದ ಬಡ್ಡಿಯಿಂದ ಒಬ್ಬ ಅರ್ಹ ಆಪ್ತಸಮಾಲೋಚಕರ ಸಂಬಳ ಕೊಟ್ಟು, ಹತ್ತಾರು ಕುಟುಂಬಗಳು ಗುಟ್ಟಾಗಿ ಬಂದು ಮಾತನಾಡುವಂತೆ ಮಾಡಬಹುದು. ಹುಡುಗ ಮನೆಯಲ್ಲಿಯೇ ಇರುತ್ತಾನೆ. ಆದರೆ ಕಟ್ಟಡಕ್ಕೆ ಶಿಲಾಫಲಕ ಹಾಕಿಸಬಹುದು, ಸಂಬಳಕ್ಕೆ ಶಿಲಾಫಲಕವಿಲ್ಲ. ದಾನಿಗಳ ಹಿಂಜರಿಕೆಗೆ ಇದಲ್ಲದೆ ಬೇರೆ ಕಾರಣವಿದೆಯೇ?

ಮನೆಯನ್ನೇ ಕಟ್ಟುವುದಾದರೆ ಕೆಲವು ಷರತ್ತುಗಳನ್ನು ಟ್ರಸ್ಟಿನ ಪತ್ರದಲ್ಲಿಯೇ ಬರೆಯಲಿ. ಮೊದಲ ಹುಡುಗ ಬರುವ ಮುನ್ನ ನೋಂದಣಿಯಾಗಬೇಕು. ಒಂದು ಮನೆಗೆ ಎಂಟು ಹುಡುಗರಿಗಿಂತ ಹೆಚ್ಚು ಬೇಡ. ಹುಡುಗನು ವಾರಕ್ಕೊಮ್ಮೆಯಾದರೂ, ಯಾರೂ ಪಕ್ಕದಲ್ಲಿ ನಿಲ್ಲದೆ, ತಾಯಿಯೊಡನೆ ಫೋನಿನಲ್ಲಿ ಮಾತನಾಡಲಿ. ತಾಯಿ ಹೇಳದೆ ಬಂದರೂ ಗೇಟು ತೆರೆಯಲಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಊಟದ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲಿ. ಶಿಕ್ಷೆಯಾಗಿ ಊಟ ತಪ್ಪಿಸುವುದು, ಒಂಟಿಯಾಗಿ ಕೂಡುವುದು, ಕೈಮಾಡುವುದು, ಈ ಮೂರರಲ್ಲಿ ಒಂದು ನಡೆದರೂ ಸಿಬ್ಬಂದಿಗೆ ಅಂದೇ ವಿದಾಯ, ಪೊಲೀಸರಿಗೆ ಅಂದೇ ತಿಳಿವಳಿಕೆ. ಸಮಿತಿಯಲ್ಲಿ ಒಬ್ಬ ವೈದ್ಯರು, ಒಬ್ಬ ತಾಯಿ, ಜೈನರಲ್ಲದ ಒಬ್ಬ ಗೃಹಸ್ಥರು ಇರಲಿ, ಅವರು ದಿನ ತಿಳಿಸದೆ ಬಂದು ನೋಡಲಿ. ತಲೆಯೆಣಿಕೆಯ ಮೇಲೆ ಹಣ ಪಡೆಯುವ ಪದ್ಧತಿ ಬೇಡ. ವರ್ಷದ ಜಮಾಖರ್ಚು ಬಸದಿಯ ಬಾಗಿಲಲ್ಲಿ ತೂಗಲಿ. ಈ ಷರತ್ತುಗಳು ಭಾರವೆನ್ನುವ ಟ್ರಸ್ಟು ಆ ಎರಡು ಎಕರೆಯಲ್ಲಿ ಗೋಶಾಲೆಯನ್ನಾಗಲಿ ಮಾವಿನ ತೋಪನ್ನಾಗಲಿ ಮಾಡಲಿ. ಅಲ್ಲಿಯೂ ಅತಿಚಾರಗಳು ಐದೇ ಎಂಬುದನ್ನು ನೆನಪಿಟ್ಟುಕೊಳ್ಳಲಿ.

ಪ್ರಥಮಾನುಯೋಗದಲ್ಲಿ ಅಂಜನಚೋರನ ಕಥೆಯಿದೆ. ಸಮಾಜವು ಕಳ್ಳನೆಂದು ಅಟ್ಟಿಕೊಂಡು ಬಂದ ತರುಣನು ನಿಃಶಂಕಿತ ಅಂಗಕ್ಕೆ ಮೇಲ್ಪಂಕ್ತಿಯಾದನು, ಕೊನೆಗೆ ಸಿದ್ಧನಾದನು. ಭವ್ಯಜೀವ ಯಾವುದೆಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಗಲ್ಲಾಪೆಟ್ಟಿಗೆಗೆ ಕೈಹಾಕಿದ ಹುಡುಗನೂ ಅಂಥವನೇ ಆಗಿರಬಹುದು. ಅವನನ್ನು ಒಪ್ಪಿಸುವ ಮೊದಲು ತಂದೆಯು ಆ ಮನೆಯ ಮುಖ್ಯಸ್ಥರನ್ನು ಒಂದೇ ಒಂದು ಪ್ರಶ್ನೆ ಕೇಳಲಿ: “ನಾಳೆ ರಾತ್ರಿ ಹತ್ತು ಗಂಟೆಗೆ ಹೇಳದೆ ಬಂದರೆ ಮಗನನ್ನು ನೋಡಬಹುದೇ?” ಉತ್ತರ ಬರಲು ತಡವಾದರೆ, ಹುಡುಗನ ಕೈಹಿಡಿದು ಮನೆಗೆ ಹಿಂದಿರುಗಲಿ.